ಮೇಣಕ್ಕೆ ಬೇಡದ ಗಂಟು

ಮುತ್ತವ್ವನ ಬೆರಳುಗಳು ಗಡಿಗೆಯ ಹೊಟ್ಟೆಯ ಮೇಲೆ ನಡೆಯುತ್ತಿದ್ದವು. ಅವಕ್ಕೆ ಅವಸರವಿರಲಿಲ್ಲ. ಏನನ್ನೂ ಕೊಳ್ಳುವ ಉದ್ದೇಶವಿಲ್ಲದೆ ಸಂತೆಗೆ ಹೋದವರು ಅಂಗಡಿಯಿಂದ ಅಂಗಡಿಗೆ ದಾಟುವ ಹಾಗೆ, ಹಿತ್ತಾಳೆಯ ಒಂದು ಹಗ್ಗದಿಂದ ಇನ್ನೊಂದು ಹಗ್ಗಕ್ಕೆ ದಾಟುತ್ತಿದ್ದವು.

ಬನಹಟ್ಟಿಯಲ್ಲಿ ಕರೆಂಟು ಹೋಗಿ ಅರ್ಧ ತಾಸಾಗಿತ್ತು. ಓಣಿಯ ಪಾವರಲೂಮುಗಳೆಲ್ಲ ಒಮ್ಮೆಲೇ ಬಾಯಿ ಮುಚ್ಚಿದ್ದವು. ಮಧ್ಯಾಹ್ನ ಎರಡಕ್ಕೆ ಇಂಥ ಮೌನ ಬಿದ್ದರೆ ಈ ಊರಿನವರಿಗೆ ಕಿವಿಯೊಳಗೆ ನೀರು ಹೊಕ್ಕಂತಾಗುತ್ತದೆ. ಎಲ್ಲರೂ ಮೆಲ್ಲಗೆ ಮಾತಾಡುತ್ತಾರೆ. ನಾಯಿಗಳೂ ಎದ್ದು, ಏನಾಯಿತೆಂದು ನೋಡಿ, ಮತ್ತೆ ಮಲಗುತ್ತವೆ.

"ಇದನ್ನ ಎರಕ ಹೊಯ್ದಾಂವ ಒಬ್ಬ, ಕಟ್ಟಿದಾಂವ ಇನ್ನೊಬ್ಬ," ಎಂದಳು ಮುತ್ತವ್ವ.

ಶ್ರೀದೇವಿ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಎದುರಿನವರಿಗೆ ಉತ್ತರ ಕಲಿಸಿಕೊಡಬಾರದೆಂಬುದು ಆಕೆ ವೃತ್ತಿಯಲ್ಲಿ ಮೊದಲು ಕಲಿತ ಪಾಠ. ವೃತ್ತಿ ಎಂದರೆ ಜಮಖಂಡಿಯಲ್ಲಿ ಸೈಕಲ್ ಅಂಗಡಿಯ ಮೇಲಿನ ಒಂದು ಖೋಲಿ, ಎರಡು ಕುರ್ಚಿ, ಒಂದು ಬೋರ್ಡು. ವರನ ಸ್ವಂತ ಮನೆ ನಿಜಕ್ಕೂ ಸ್ವಂತದ್ದೋ, ಆತ ಕುಡಿಯುವುದು ಚಹಾ ಮಾತ್ರವೋ ಎಂದು ಕನ್ಯೆಯ ತಂದೆಯರಿಗೆ ಪತ್ತೆ ಮಾಡಿಕೊಡುವುದೇ ವರ್ಷದ ಹನ್ನೊಂದು ತಿಂಗಳ ಕೆಲಸ. ಹನ್ನೆರಡನೆಯ ತಿಂಗಳಲ್ಲಿ ಈ ಗಡಿಗೆ ಬಂದಿತ್ತು.

ಗಡಿಗೆ ಒಂದೂವರೆ ಗೇಣು ಎತ್ತರ. ನೀರಿನ ಕೊಡವೊಂದನ್ನು ಹಗ್ಗದ ಬಲೆಯಲ್ಲಿ ಬಿಗಿದು ಸಿಂಬಿಯ ಮೇಲೆ ಕೂರಿಸಿದ ಹಾಗೆ ಕಾಣುತ್ತದೆ. ಆದರೆ ಕೊಡ, ಹಗ್ಗ, ಸಿಂಬಿ ಎಲ್ಲವೂ ಲೋಹ. ಜಮಖಂಡಿಯ ಶಿವಯೋಗೆಪ್ಪ ಮಾಸ್ತರರು ನೈಜೀರಿಯಾದ ಪೂರ್ವ ಸೀಮೆಯಲ್ಲಿ ಹನ್ನೊಂದು ವರ್ಷ ರಸಾಯನಶಾಸ್ತ್ರ ಕಲಿಸಿ, ಮೂರು ಟ್ರಂಕು ತುಂಬ ಅಲ್ಲಿಯ, ಸುತ್ತಿನ ದೇಶಗಳ ಹಳೆಯ ವಸ್ತುಗಳನ್ನು ತಂದು ತಮ್ಮ ಮನೆತನದ ವಾಡೆಯಲ್ಲಿ ಇಟ್ಟಿದ್ದರು. ಹೋದ ಆಷಾಢದಲ್ಲಿ ಸಾಯುವ ಮುಂಚೆ ಒಂದು ಹಾಳೆ ಬರೆದಿಟ್ಟರು. ಈ ಗಡಿಗೆ ಸಾವಿರ ವರ್ಷದ್ದು, ಯಾರದೋ ಹಿತ್ತಲಲ್ಲಿ ನೀರಿನ ಕುಣಿ ತೋಡುವಾಗ ಸಿಕ್ಕಿದ್ದು, ತಾನು ತರಬಾರದಿತ್ತು, ಅದು ತನ್ನ ಊರಿಗೆ ಮರಳಬೇಕು.

ಅದನ್ನು ನೈಜೀರಿಯಾಕ್ಕೆ ಒಯ್ಯಲು ಬಂದ ಅಲ್ಲಿಯ ಅಧಿಕಾರಿಗಳು ನಾಲ್ಕು ದಿನದ ಹಿಂದೆ ಪಿಸ್ತೂಲಿನಂಥ ಯಂತ್ರವೊಂದನ್ನು ಅದರ ಹೊಟ್ಟೆಗೆ ಹಿಡಿದರು. ಹಳೆಯ ಗಡಿಗೆಯಲ್ಲಿ ತಾಮ್ರ, ತವರ, ಸೀಸ ಇರಬೇಕು. ಯಂತ್ರ ಸತುವು ಎಂದಿತು, ಅದೂ ಬೇಕಾದಷ್ಟು ಸತುವು. ಅಂದರೆ ನಮ್ಮ ಅಡಿಗೆಮನೆಯ ಹಿತ್ತಾಳೆ. ಬಂದವರು ಬಹಳ ಮರ್ಯಾದೆಯಿಂದ ಚಹಾ ಮುಗಿಸಿ ಎದ್ದರು.

ವಾಡೆಯ ಕೀಲಿ ಇಪ್ಪತ್ತಾರು ವರ್ಷದಿಂದ ಕಾವಲುಗಾರ ಸಿದ್ದಾರೂಢನ ಉಡಿದಾರದಲ್ಲಿತ್ತು. ಹಾಗಾಗಿ ಮಾಸ್ತರರ ಮಗ ಚಿದಾನಂದನಿಗೆ ಹೆಚ್ಚು ಯೋಚಿಸುವ ತೊಂದರೆ ಇರಲಿಲ್ಲ. ನಾಳೆ ಬೆಳಿಗ್ಗೆ ಹತ್ತಕ್ಕೆ ಕಳವಿನ ಫಿರ್ಯಾದಿ ಕೊಡುವುದು ನಿಶ್ಚಯವಾಗಿತ್ತು. ಸಿದ್ದಾರೂಢ ಮೂರು ದಿನದಿಂದ ಊಟ ಬಿಟ್ಟಿದ್ದ. ಅವನ ಹೆಂಡತಿ ಮಂಗಲಾ ಸೈಕಲ್ ಅಂಗಡಿಯ ಮೆಟ್ಟಿಲು ಹತ್ತಿ ಬಂದು ಕೂತವಳು ಅಳಲಿಲ್ಲ. ಒಂದೇ ಮಾತು ಹೇಳಿದಳು.

"ಅಕ್ಕಾರ, ಅವರು ಒಳಗ ಹೋದರ ತಿರುಗಿ ಬರೂದಿಲ್ರಿ. ನನಗ ಗೊತ್ತೈತಿ."

ಗಡಿಗೆಯನ್ನು ಎರಡು ದಿನಕ್ಕೆ ಕೊಡುವಿರಾ ಎಂದು ಶ್ರೀದೇವಿ ಕೇಳಿದಾಗ ಚಿದಾನಂದ, ಒಯ್ಯಿರಿ, ಸಾವಿರ ವರ್ಷದ್ದಾಗಿದ್ದರೆ ಕೊಡುತ್ತಿರಲಿಲ್ಲ, ಈಗ ಬೇಕಾದರೆ ಅದರಲ್ಲಿ ಅನ್ನ ಮಾಡಿ ಎಂದಿದ್ದ. ಅಪ್ಪನ ಸೂತಕ ಕಳೆಯುವ ಮೊದಲೇ ಮುಂಬಯಿಯ ಹಳೇ ಸಾಮಾನಿನ ವ್ಯಾಪಾರಿಯೊಬ್ಬನನ್ನು ಎರಡು ಸಲ ವಾಡೆಗೆ ಕರೆಸಿ ಊಟ ಹಾಕಿದ್ದ ಸಂಗತಿಯನ್ನು ಮಾತ್ರ ಅವನು ಹೇಳಲಿಲ್ಲ. ಅದನ್ನು ಊಟ ಬಡಿಸಿದವಳು ಹೇಳಿದ್ದಳು.

ಇವತ್ತು ಹನ್ನೆರಡರ ಸುಮಾರಿಗೆ ಶ್ರೀದೇವಿ ಗಡಿಗೆಯನ್ನು ಹಳೇ ಸೀರೆಯಲ್ಲಿ ಸುತ್ತಿ, ಮಾಳುವಿನ ಮೂರು ಗಾಲಿಯ ಟಂಟಂನಲ್ಲಿ ಕೂತು ಬನಹಟ್ಟಿಗೆ ಹೊರಟಿದ್ದಳು. ಮಾಳುವಿಗೆ ಐವತ್ನಾಲ್ಕು. ಅವನ ಕಣ್ಣಿಗೆ ಬೀಳದ್ದು ಈ ಸೀಮೆಯಲ್ಲಿ ಇಲ್ಲ. ಆದರೆ ಕೇಳಿದ್ದಕ್ಕೆ ಮಾತ್ರ ಉತ್ತರ, ಕೇಳದ್ದಕ್ಕೆ ಇಲ್ಲ. ಪತ್ತೇದಾರಿಕೆಗೆ ಇಂಥ ಸಹಾಯಕನಿಂದ ಎಷ್ಟು ಅನುಕೂಲವೋ ಅಷ್ಟೇ ಅನಾನುಕೂಲ. ಇವತ್ತು ಒಂದು ತಾಸು ತಡವಾಗಿ ಬಂದಿದ್ದ. ಮಹಾಲಿಂಗಪುರಕ್ಕೆ ಒಂದು ಸವಾರಿ ಸಿಕ್ಕಿತ್ತು ಎಂದ. ಆಕೆ ಮುಂದೆ ಕೇಳಲಿಲ್ಲ.

ರಸ್ತೆಯ ಎರಡೂ ಬದಿಗೆ ಕಬ್ಬು ಸೂಲಂಗಿ ಬಿಟ್ಟಿತ್ತು. ಬಿಳಿಯ ತೆನೆಗಳು ಒಂದೇ ಕಡೆ ವಾಲಿ ಏಳುತ್ತಿದ್ದವು. ಗಡಿಗೆ ಮಡಿಲಲ್ಲಿ ಬೆಚ್ಚಗಿತ್ತು. ಟಂಟಂನ ತೂಗಾಟಕ್ಕೆ ಕಣ್ಣು ಎಳೆಯತೊಡಗಿದಾಗ, ಗಡಿಗೆಯ ಜೊತೆ ತಂದಿದ್ದ ಮಾಸ್ತರರ ನೋಟುಬುಕ್ಕಿನಲ್ಲಿ ಓದಿದ್ದೆಲ್ಲ ಓದಿದ್ದೋ ಕಂಡದ್ದೋ ತಿಳಿಯದ ಹಾಗೆ ಕಲಸಿಕೊಂಡಿತು.

ಅಲ್ಲಿ ಒಬ್ಬ ಮನುಷ್ಯ ಮರದ ನೆರಳಲ್ಲಿ ಕೂತಿದ್ದ. ಇಲ್ಲಿ ರಾಷ್ಟ್ರಕೂಟರು ಆಳುತ್ತಿದ್ದ ಕಾಲ. ಅವನಿಗೆ ರಾಷ್ಟ್ರಕೂಟರು ಗೊತ್ತಿಲ್ಲ, ಅವರಿಗೆ ಅವನು ಗೊತ್ತಿಲ್ಲ, ಇಬ್ಬರಿಗೂ ಅದರಿಂದ ನಷ್ಟವಾದಂತೆ ಕಾಣಲಿಲ್ಲ. ಜೇಡಿಮಣ್ಣಿನ ಗಡ್ಡೆಯೊಂದು ಕೊಡದ ಆಕಾರದಲ್ಲಿ ಒಣಗಿ ನಿಂತಿತ್ತು. ಅದರ ಮೇಲೆ ಹಪ್ಪಳದಷ್ಟು ತೆಳ್ಳಗೆ ಮೇಣ ಹೊದಿಸಿದ. ಅದು ಜೇನುಮೇಣವೋ ಯಾವುದೋ ಕಳ್ಳಿಯ ಹಾಲೋ, ಆ ವಿಷಯದಲ್ಲಿ ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ. ಆಮೇಲೆ ಒದ್ದೆ ಹಲಗೆಯ ಮೇಲೆ ಅಂಗೈಯಿಂದ ಹೊಸೆದು ಹೊಸೆದು ಶಾವಿಗೆಯಂಥ ಎಳೆ ತೆಗೆದ. ಎರಡು ಎಳೆ ಹುರಿ ಮಾಡಿ ಹಗ್ಗ, ಹಗ್ಗದಿಂದ ಬಲೆ.

ಎಲ್ಲವೂ ಮೇಣದಲ್ಲಿ. ಅದರ ಮೇಲೆ ಇದ್ದಿಲ ಪುಡಿ ಬೆರೆಸಿದ ನುಣುಪು ಮಣ್ಣು, ಅದರ ಮೇಲೆ ಒರಟು ಮಣ್ಣು. ಬೆಂಕಿಗಿಟ್ಟರೆ ಮೇಣ ಕರಗಿ ತೂತಿನಿಂದ ಹರಿದುಹೋಗುತ್ತದೆ. ಅಲ್ಲಿ ಉಳಿಯುವುದು ಗಡಿಗೆಯ ಆಕಾರದ ಖಾಲಿ ಜಾಗ. ಆ ಖಾಲಿ ಜಾಗಕ್ಕೆ ಲೋಹ ಹೊಯ್ಯುತ್ತಾರೆ, ಮಣ್ಣು ಒಡೆಯುತ್ತಾರೆ. ಇಷ್ಟು ದೊಡ್ಡದನ್ನು ಒಂದೇ ಸಲಕ್ಕೆ ಹೊಯ್ಯಲಾಗದೆಂದು ತುಂಡು ತುಂಡಾಗಿ ಹೊಯ್ದು, ಕೂಡುವಲ್ಲಿ ಮತ್ತೆ ಹೊಯ್ದು ಬೆಸೆಯುತ್ತಾರೆ. ಒಂದು ಅಚ್ಚಿನಿಂದ ಒಂದೇ. ಕೈ ಮಾಡಿದ್ದು ಕರಗಿಹೋಗಿ, ಅದರ ನೆನಪು ಲೋಹವಾಗಿ ನಿಲ್ಲುವ ಕೆಲಸ.

ಎಚ್ಚರವಾದಾಗ ಟಂಟಂ ಬನಹಟ್ಟಿಯೊಳಗೆ ನಿಂತಿತ್ತು.

ನಕಲಿಯನ್ನು ಹೊಯ್ದವನು ಎರಡು ದಿನದ ಹಿಂದೆಯೇ ಸಿಕ್ಕಿಬಿಟ್ಟಿದ್ದ. ಮಹಾಲಿಂಗಪುರದ ಅಮಸಿದ್ದಪ್ಪ, ದೇವರ ಮುಖ ಎರಕ ಹೊಯ್ಯುವವನು. ಯಾರೋ ಮೇಣದ ರೂಪ ಸಿದ್ಧಮಾಡಿ ಬುಟ್ಟಿಯಲ್ಲಿ ತಂದಿಟ್ಟರು, ಜೊತೆಗೆ ಹಳೇ ತಂಬಿಗೆ ಗಂಗಾಳ ಇದ್ದವು, ನಾನು ಮಣ್ಣು ಮೆತ್ತಿ ಹೊಯ್ದುಕೊಟ್ಟೆ ಎಂದ. ಯಾರೋ ಎಂದರೆ ಯಾರು? ದೇವರ ಕೆಲಸ ತಂದವರ ಮುಖ ನೋಡುವುದಿಲ್ಲ ಎಂದ. ಅದು ಯಾವ ದೇವರು ಎಂದು ಕೇಳಿದ್ದಕ್ಕೆ ಸ್ವಲ್ಪ ಯೋಚಿಸಿ, ಆಕಾರ ನೋಡಿದರೆ ಹೆಣ್ಣು ದೇವರಿರಬೇಕು ಎಂದ. ಬುಟ್ಟಿಯ ತಳದಲ್ಲಿ ಉಳಿದಿದ್ದ ಮೇಣದ ಉಂಡೆಯೊಂದನ್ನು ಮಾತ್ರ ತೆಗೆದುಕೊಟ್ಟ.

ಜೇನುಮೇಣಕ್ಕೆ ರಾಳ ಬೆರೆಸಿದ ಉಂಡೆ. ಅದು ಎರಡು ದಿನದಿಂದ ಶ್ರೀದೇವಿಯ ಪರ್ಸಿನಲ್ಲಿತ್ತು. ಬಿಸಿಲಿಗೆ ಮೆತ್ತಗಾದಾಗ ಅದರ ವಾಸನೆ ಏಳುತ್ತಿತ್ತು. ಎಲ್ಲೋ ಮೂಸಿದ ವಾಸನೆ. ಎಲ್ಲಿ ಎಂದು ನೆನಪಿಸಿಕೊಳ್ಳಲು ಹೋದರೆ ನಿದ್ದೆ ಬರುತ್ತಿತ್ತು.

ಉಂಡೆ ಬಿಟ್ಟರೆ ಆಕೆಗೆ ಸಿಕ್ಕ ಒಂದೇ ಸುಳಿವು ಗಡಿಗೆಯ ಅಡಿಯಲ್ಲಿತ್ತು. ಮುತ್ತವ್ವನ ಬೆರಳು ಈಗ ಅಲ್ಲಿಗೇ ಬಂದು ನಿಂತಿತು.

"ಇಲ್ಲಿ ಎಳಿ ಹರದೈತಿ," ಎಂದಳು ಮುತ್ತವ್ವ. "ಹರದದ್ದನ್ನ ಗಂಟು ಹಾಕ್ಯಾನ."

"ಹೌದ್ರಿ ಆಯಿ. ಅದಕ್ಕ ನಿಮ್ಮ ಕಡೆ ಬಂದೇನಿ."

ಗಡಿಗೆಯ ಮುಂಭಾಗದ ಹಗ್ಗ, ಬಲೆ ಎಲ್ಲವೂ ಮಾಸ್ತರರ ಹಳೆಯ ಫೋಟೋದಲ್ಲಿದ್ದ ಹಾಗೆಯೇ ಇದ್ದವು. ಮಾಡಿದವನು ಅದನ್ನು ಭಕ್ತಿಯಿಂದ ನೋಡಿ ಮಾಡಿದ್ದ. ಆದರೆ ಅಡಿಯಲ್ಲಿ, ಯಾರೂ ನೋಡದ ಜಾಗದಲ್ಲಿ, ಒಂದು ಮೇಣದ ಎಳೆ ಹರಿದಿತ್ತು. ಹರಿದ ಮೇಣಕ್ಕೆ ಗಂಟು ಬೇಕಿಲ್ಲ. ಎರಡು ತುದಿ ಕೂಡಿಸಿ ಬೆರಳ ಬಿಸಿ ತಾಗಿಸಿದರೆ ಅಂಟಿಕೊಳ್ಳುತ್ತದೆ. ಸಾವಿರ ವರ್ಷದ ಹಿಂದಿನ ಆ ಮನುಷ್ಯ ಹಾಗೆಯೇ ಮಾಡುತ್ತಿದ್ದ, ಅಮಸಿದ್ದಪ್ಪನೂ ಹಾಗೆಯೇ ಮಾಡುತ್ತಾನೆ. ಎಳೆ ಹರಿದೊಡನೆ ಎರಡು ತುದಿ ಹಿಡಿದು, ಯೋಚಿಸದೆ, ಚಿಕ್ಕದಾಗಿ ಚಪ್ಪಟೆಯಾಗಿ ಗಂಟು ಹಾಕುವವರು ಬೇರೆ. ಅವರೆಲ್ಲ ರಬಕವಿ, ಬನಹಟ್ಟಿ ಎಂಬ ಈ ಜೋಡಿ ಊರಿನಲ್ಲಿ ನೇಯುತ್ತಿದ್ದಾರೆ.

ಮುತ್ತವ್ವನ ಮುಖದಲ್ಲಿ ನಗು ಮೂಡಿತು. ಎಂಬತ್ತರ ಹತ್ತಿರದ ಮುದುಕಿ. ಕಣ್ಣಿಗೆ ಪೊರೆ ಬಂದು ಬೆಳಕು, ನೆರಳು ಇಷ್ಟೇ ಉಳಿದಿದ್ದವು. ಆದರೂ ನೆಲದ ಕುಣಿಯಲ್ಲಿ ಕಾಲಿಳಿಸಿ ನೇಯುವ ಕುಣಿಮಗ್ಗ ಬಿಟ್ಟಿರಲಿಲ್ಲ. ಮಗ್ಗದ ಉದ್ದೆಳೆಗಳ ಹಾಸು ಮುಗಿದಾಗ ಹಳೆಯ ಒಂದೊಂದು ಎಳೆಗೂ ಹೊಸದರ ಒಂದೊಂದು ಎಳೆ ಕೂಡಿಸಿಕೊಡಲು ಐವತ್ತು ವರ್ಷ ಎರಡೂ ಊರಿನ ಮನೆಮನೆಗೆ ಹೋಗಿದ್ದವಳು. ಯಾರ ಮಗ್ಗದಲ್ಲಿ ಯಾರು ಎಂಥ ಗಂಟು ಹಾಕುತ್ತಾರೆಂಬುದು ಆಕೆಯ ಬೆರಳಿಗೆ ಬಾಯಿಪಾಠ.

"ನೇಕಾರನ ಕೈ ತಂಗಿ. ಅದು ತಲೀ ಮಾತು ಕೇಳೂದಿಲ್ಲ," ಎಂದು ಮತ್ತೊಮ್ಮೆ ಆ ಗಂಟನ್ನು ಉಗುರಿನಿಂದ ಸವರಿದಳು.

ಸವರುತ್ತಿದ್ದ ಉಗುರು ನಿಂತಿತು. ನಗು ಇನ್ನೂ ಮುಖದ ಮೇಲಿತ್ತು, ಆದರೆ ಅದರೊಳಗಿನವರು ಎದ್ದು ಹೋಗಿದ್ದರು.

"ಯಾರದ್ರಿ ಇದು?" ಎಂದಳು ಶ್ರೀದೇವಿ.

"ಗೊತ್ತಿಲ್ಲ."

ಐವತ್ತು ವರ್ಷ ಗೊತ್ತಿದ್ದವಳಿಗೆ ಗೊತ್ತಿಲ್ಲದಾಗಲು ಇಷ್ಟು ಬೇಗ ಸಾಧ್ಯವಿಲ್ಲ. ಮಗ್ಗದ ಮೇಲಿನ ಬೆಳಕಿಂಡಿಯಿಂದ ಬಿಸಿಲಿನ ಕೋಲೊಂದು ಇಳಿದು, ಹಾಸಿನ ನೀಲಿ ಎಳೆಗಳ ಮೇಲೆ ಮಲಗಿತ್ತು. ನೂಲಿನ ಧೂಳು ಅದರೊಳಗೆ ಏರುತ್ತಿತ್ತು, ಇಳಿಯುತ್ತಿರಲಿಲ್ಲ.

"ನೀ ಯಾರ ಮಗಳವ್ವಾ?" ಎಂದು ಮುತ್ತವ್ವ ಕೇಳಿದಳು.

ಕೆಲಸದ ಮೇಲೆ ಹೋದಾಗ ಶ್ರೀದೇವಿ ಮನೆತನದ ಹೆಸರು ಹೇಳುವುದಿಲ್ಲ. ಈ ಸೀಮೆಯಲ್ಲಿ ಅಪ್ಪನ ಹೆಸರು ಹೇಳಿದರೆ ಮುಂದಿನ ಅರ್ಧ ತಾಸು ಸಂಬಂಧ ಕೂಡಿಸುವುದರಲ್ಲೇ ಹೋಗುತ್ತದೆ. ಜಮಖಂಡಿಯಿಂದ ಬಂದೆ ಎಂದಳು.

"ಜಮಖಂಡಿ ಅಂತಿ. ಮಾತು ರಬಕವಿದು ಐತಿ."

"ಆಯಿ, ನನ್ನ ಮಾತು ಇರ್ಲಿ. ಸಿದ್ದಾರೂಢ ಅಂತ ಒಬ್ಬಾಂವ ಮೂರು ದಿನಾ ಆತು ಉಂಡಿಲ್ಲ. ನಾಳಿ ಹತ್ತಕ್ಕ ಅವನ ಹೆಸರು ಬರಸ್ತಾರ. ಅಂವಾ ಗಂಟು ಹಾಕೂ ಪೈಕಿ ಅಲ್ಲ, ಅವನ ಮನ್ಯಾಗ ಮಗ್ಗ ಇದ್ದಿಲ್ಲ. ನೀವು ಒಂದು ಹೆಸರು ಹೇಳಿದರ ಅಂವಾ ಉಳೀತಾನ."

"ಮತ್ತ ಆ ಹೆಸರಿನಾಂವ?"

"ಮಾಡಿದ್ದು ಅಂವಾ ಅಲ್ರಿ?"

"ಮಾಡ್ಯಾನ. ಯಾಕ ಮಾಡ್ಯಾನ ಅಂತ ನಿನಗ ಗೊತ್ತೈತೇನು?"

"ಅದನ್ನ ಅವನ್ನ ಕೇಳ್ತೇನಿ."

"ಕೇಳ್ತಿ," ಎಂದಳು ಮುತ್ತವ್ವ. ಅದು ಪ್ರಶ್ನೆಯಂತೆ ಕೇಳಿಸಲಿಲ್ಲ.

ಶ್ರೀದೇವಿ ಸಿಟ್ಟಾಗುವುದು ಕಡಿಮೆ. ಆದರೆ ಈಗ ಮಂಗಲಾಳ ಒಣಗಿದ ಮುಖ ಕಣ್ಣ ಮುಂದೆ ಬಂತು. ಹೆಸರು ಹೇಳದಿದ್ದರೆ ಓಣಿಯ ಒಂದೊಂದೂ ಮನೆಗೆ ಹೋಗಿ ಗಂಟು ಹಾಕಿಸಿ ನೋಡುತ್ತೇನೆ, ಎಷ್ಟು ಹೊತ್ತಾದರೂ ಸರಿ ಎಂದಳು. ಮಾಡಿದವನು ಯಾರೇ ಇರಲಿ, ಬಿಡುವವಳಲ್ಲ ಎಂದೂ ಹೇಳಿದಳು. ಹೇಳುವಾಗ ಅದು ಬಹಳ ನ್ಯಾಯವಾದ ಮಾತೆಂದು ಅನಿಸಿತು.

ಮುತ್ತವ್ವ ಮಗ್ಗದ ಕಡೆ ವಾಲಿದಳು. ಕೈ ಹಾಸಿನ ಮೇಲೆ ಹೋಯಿತು. ಕೂದಲು ಸಿಗಿದಂಥ ಸಣ್ಣ ಸದ್ದು.

"ಅಯ್ಯ, ಎಳಿ ಹೋತು," ಎಂದಳು. "ನನಗ ತುದಿ ಕಾಣಂಗಿಲ್ಲ. ಹಚ್ಚಿಕೊಡು ತಂಗಿ."

ಶ್ರೀದೇವಿ ಕುಣಿಯ ಅಂಚಿಗೆ ಕೂತಳು. ಎರಡು ತುದಿ ಹುಡುಕಿದಳು, ಬೆರಳನ್ನು ನಾಲಿಗೆಗೆ ತಾಗಿಸಿ ತುದಿ ತೇವ ಮಾಡಿದಳು, ಒಂದನ್ನು ಮಡಚಿ ಇನ್ನೊಂದನ್ನು ಅದರೊಳಗೆ ತೂರಿಸಿ ಎಳೆದಳು. ಒಂದು ಉಸಿರಿನಷ್ಟು ಹೊತ್ತು. ಕಾಲೇಜಿಗೆ ಹೋಗುವ ತನಕ ದಿನಕ್ಕೆ ಇಪ್ಪತ್ತು ಸಲ ಮಾಡಿದ ಕೆಲಸ, ಕೈ ಮರೆತಿರಲಿಲ್ಲ.

ಮುತ್ತವ್ವ ಆ ಗಂಟನ್ನು ಬೆರಳ ನಡುವೆ ಹಿಡಿದಳು. ಬಹಳ ಹೊತ್ತು ಹಿಡಿದಿದ್ದಳು. ಆಮೇಲೆ ಶ್ರೀದೇವಿಯ ಕೈಯನ್ನು ಎಳೆದುಕೊಂಡು, ಅದರ ಹೆಬ್ಬೆರಳನ್ನು ಮೊದಲು ನೂಲಿನ ಗಂಟಿನ ಮೇಲಿಟ್ಟಳು, ಆಮೇಲೆ ಗಡಿಗೆಯ ಅಡಿಯ ಗಂಟಿನ ಮೇಲಿಟ್ಟಳು.

"ಬನಹಟ್ಟ್ಯಾಗ ಎಲ್ಲಾರೂ ಬಲಗಡೆ ಎಳಿ ಮ್ಯಾಲೆ ತರ್ತಾರ," ಎಂದಳು. "ರಬಕವ್ಯಾಗೂ ಹಂಗ. ಎಡಗಡೆದು ಮ್ಯಾಲೆ ತಂದು, ಕೆಳಗ ಇನ್ನೊಂದು ಸುತ್ತು ಕೊಡೂದು ಒಂದ ಮನಿ. ಇದನ್ನ ನಿನಗ ಯಾರು ಕಲಿಸಿದರವ್ವಾ?"

ಎರಡು ದಿನ ಶ್ರೀದೇವಿ ಆ ಗಂಟನ್ನು ಭೂತಗನ್ನಡಿ ಹಿಡಿದು ನೋಡಿದ್ದಳು. ಅಲ್ಲಿ ಗಂಟು ಯಾಕಿದೆ ಎಂದು ತಲೆ ಕೆಡಿಸಿಕೊಂಡಿದ್ದಳೇ ಹೊರತು, ಅದು ಎಂಥ ಗಂಟು ಎಂದು ಒಮ್ಮೆಯೂ ನೋಡಿರಲಿಲ್ಲ. ಗಂಟೆಂದರೆ ಹಾಗೆಯೇ ಇರುತ್ತದೆ ಎಂದುಕೊಂಡಿದ್ದಳು. ತನ್ನ ಮನೆಯ ಸಾರಿಗೆ ಬೇರೆ ರುಚಿ ಇರಬಹುದೆಂದು ಯಾರಿಗೂ ಮೊದಲು ಹೊಳೆಯುವುದಿಲ್ಲ.

ಪರ್ಸಿನೊಳಗಿನ ಉಂಡೆಯ ವಾಸನೆ ಈಗ ತಾನಾಗಿ ಬಂದು ತನ್ನ ಜಾಗದಲ್ಲಿ ಕೂತಿತು. ಹೋದ ಶ್ರಾವಣ. ರಬಕವಿಯ ಮನೆಯ ಅಡಿಗೆಮನೆ, ಒಲೆಯ ಮೇಲೆ ಸಣ್ಣ ಬೋಗುಣಿ. ಏನಪ್ಪಾ ಅದು ಎಂದು ಕೇಳಿದ್ದಕ್ಕೆ ಧೂಪ ಮಾಡುತ್ತಿದ್ದೇನೆ ಎಂದಿದ್ದರು. ಆಕೆಯ ಅಪ್ಪ ಗೂಳಪ್ಪ. ಮೂವತ್ತು ವರ್ಷ ಪ್ರತಿ ಶನಿವಾರ ಮಾಸ್ತರರ ವಾಡೆಗೆ ಹೋಗಿ, ಕಾಂಗೋ ದೇಶದ ನಾರಿನ ಬಟ್ಟೆ ಮುಟ್ಟಿ ನೋಡಿ ಬರುತ್ತಿದ್ದವರು. ಗಂಡಸರು ನೇಯ್ದು, ಹೆಂಗಸರು ಸೂಜಿಯಿಂದ ಎಳೆ ಎತ್ತಿ ಕತ್ತರಿಸಿ ಮಕಮಲ್ಲು ಮಾಡುತ್ತಾರಂತೆ ಎಂದು ಊಟಕ್ಕೆ ಕೂತಾಗೆಲ್ಲ ಹೇಳುತ್ತಿದ್ದವರು. ಇವತ್ತು ಮುಂಜಾನೆ ಚಪಾತಿಯ ಡಬ್ಬಿ ಕಟ್ಟಿಕೊಡುತ್ತ, ಸಿದ್ದಾರೂಢ ಕದ್ದಿಲ್ಲ ಬಿಡು, ನೀ ಬಿಸಿಲಲ್ಲಿ ತಿರುಗಬೇಡ ಎಂದಿದ್ದವರು.

ಅಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಎಂದು ಪತ್ತೇದಾರಿಣಿ ಕೇಳಿರಲಿಲ್ಲ. ಚಪಾತಿಯೊಳಗೆ ಶೇಂಗಾ ಚಟ್ನಿ ಇದೆಯೋ ಎಂದು ಮಾತ್ರ ಕೇಳಿದ್ದಳು.

ಮುತ್ತವ್ವ ಕತ್ತರಿ ಎತ್ತಿಕೊಂಡಿದ್ದಳು. ಅದರ ಬಾಯಿ ನೂಲಿನ ಗಂಟಿನ ಹತ್ತಿರ ತೆರೆದು ನಿಂತಿತ್ತು.

"ಇದನ್ನ ತಗದು ಒಗೀಲ್ಯಾ, ನೇಯ್ಲ್ಯಾ? ನನಗೇನೂ ಕಾಣೂದಿಲ್ಲ ತಂಗಿ. ಯಾರು ಕೇಳಿದರೂ ಅಷ್ಟ ಹೇಳ್ತೇನಿ."

ಶ್ರೀದೇವಿಯ ಫೋನು ನಡುಗಿತು. ಮಂಗಲಾ. ಮೂರು ಸಲ ನಡುಗುವ ತನಕ ಆಕೆ ಅದನ್ನು ನೋಡುತ್ತಿದ್ದಳು. ಬಿಸಿಲ ಕೋಲು ಒಂದು ಬೆರಳಿನಷ್ಟು ಸರಿದಿತ್ತು. ನೂಲಿನ ಧೂಳು ಈಗಲೂ ಏರುತ್ತಲೇ ಇತ್ತು.

"ನೇಯ್ರಿ," ಎಂದಳು.

ಮಂಗಲಾಳಿಗೆ ಹೇಳಿದ್ದು ಎರಡೇ ಮಾತು. ಮಾಡಿದವರು ಗೊತ್ತಾಗಿದ್ದಾರೆ, ಹತ್ತರೊಳಗೆ ಹೆಸರು ಹೇಳುತ್ತೇನೆ. ಸಿದ್ದಾರೂಢರಿಗೆ ಉಣ್ಣಲು ಹೇಳು. ಆ ಕಡೆ ತಾಟು ಇಟ್ಟ ಸದ್ದು ಕೇಳಿಸಿತು.

ಕರೆಂಟು ಬಂತು. ಓಣಿಯ ಮಗ್ಗಗಳೆಲ್ಲ ಒಟ್ಟಿಗೆ ಬಡಿಯತೊಡಗಿದವು. ಆಕೆ ಗಡಿಗೆಯನ್ನು ಸೀರೆಯಲ್ಲಿ ಸುತ್ತಿ ಎದ್ದಳು. ಹೊರಗೆ ಟಂಟಂನ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗಿದ್ದ ಮಾಳು, ಆಕೆಯ ಮುಖ ನೋಡಿ ತಾನಾಗಿಯೇ ಎದ್ದು ಮುಂದೆ ಕೂತ.

"ಎಲ್ಲಿಗ್ರಿ ಅಕ್ಕಾರ?"

"ರಬಕವಿಗೆ. ನಮ್ಮ ಮನಿಗೆ. ಅಪ್ಪನ್ನ ನೋಡೂದೈತಿ."

ಮಾಳು ಇಂಜಿನ್ ಚಾಲೂ ಮಾಡಲಿಲ್ಲ. ಕನ್ನಡಿ ಸರಿಪಡಿಸಿದ. ಮತ್ತೊಮ್ಮೆ ಸರಿಪಡಿಸಿದ.

"ಅಪ್ಪಾರು ಮನ್ಯಾಗ ಇಲ್ಲಲ್ರಿ. ಮುಂಜಾನಿ ಮಹಾಲಿಂಗಪುರ ಸವಾರಿ ಅಂದ್ನಲ್ರಿ, ಅದು ಅವರದ. ಬಸ್‌ಸ್ಟ್ಯಾಂಡಿಗೆ ಬಿಟ್ಟು ಬಂದ್ನಿ. ಬಿಸಿಲಾಗ ತಿರಗತಾರಂತ ನೀವು ಬೈತೀರಿ, ಹೇಳಬ್ಯಾಡ ಅಂದಿದ್ರು."

"ಎಲ್ಲಿಗೆ ಹೋದರು?"

"ನಾನೂ ಕೇಳಿದ್ನಿ. ಇದರ ಊರಿಗೆ ಅಂದು ನಕ್ಕರು," ಎಂದ ಮಾಳು. "ಒಂದು ಚೀಲ ಇತ್ರಿ, ಅದನ್ನ ತಟ್ಟಿ ಹಂಗಂದ್ರು. ಕೊಡ್ರಿ, ಹಿಂದ ಇಡ್ತೇನಿ ಅಂದರ ಕೊಡಲಿಲ್ಲ. ದಾರಿ ತುಂಬಾ ಮಡಿಲಾಗ ಇಟಗೊಂಡು ಕುಂತಿದ್ರು. ಹಿಂಗ, ಈಗ ನೀವು ಹಿಡಕೊಂಡು ಕುಂತೀರಲ್ರಿ, ಹಂಗ."